ಹೆಚ್ಚಾಗಿ ಬಂದ ಅಂಕ

ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವಳು ನಾನು. ನನ್ನ ಕೈಯಲ್ಲಿ ಕಲಿತು ಫೇಲಾದವರು ಬೆರಳೆಣಿಕೆಯಷ್ಟು. ಆ ಜಂಭವೇ ಮುಳುವಾಯಿತು.

ನಮ್ಮ ಯಜಮಾನರು ಟೈಲರ್. ಮರೆವಿನ ಕಾಯಿಲೆ ಶುರುವಾಗಿ ಮೂರು ವರ್ಷ. ಗುಂಡಿ ಹೊಲಿಯುವುದು ಕೈಗೆ ಇನ್ನೂ ಗೊತ್ತು. ನಾನು ಯಾರೆಂಬುದು ಮಾತ್ರ ಕೆಲವು ದಿನ ಗೊತ್ತಿರುವುದಿಲ್ಲ. ಅಂಥ ದಿನ ನನ್ನನ್ನು "ಟೀಚರ್" ಎಂದು ಕರೆದು, ಕುರ್ಚಿ ಬಿಟ್ಟುಕೊಟ್ಟು ದೂರ ನಿಲ್ಲುತ್ತಾರೆ. ಈ ಮರ್ಯಾದೆ ಯಾರಿಗೆ ಬೇಕಿತ್ತು? ಮೊದಲಿನಂತೆ "ಏನೇ, ಕತ್ತರಿ ಎಲ್ಲಿಟ್ಟೆ?" ಎಂದು ಒಮ್ಮೆ ಗದರಲಿ ಎಂದು ಜೀವ ಹಂಬಲಿಸುತ್ತಿತ್ತು.

ದೊಡ್ಡಾಸ್ಪತ್ರೆಯಲ್ಲಿ ಜೀನ್ ಚಿಕಿತ್ಸೆಯ ಪ್ರಯೋಗಕ್ಕೆ ರೋಗಿಗಳನ್ನು ಆರಿಸುತ್ತಿದ್ದಾರೆಂದು ತಿಳಿಯಿತು. ಪಳಗಿಸಿದ ವೈರಸ್ಸಿನ ಮೇಲೆ ಹೊಸ ಜೀನ್ ಹೊರಿಸಿ ಮಿದುಳಿಗೆ ಕಳಿಸುತ್ತಾರಂತೆ. ವಾಸಿಯಾಗುತ್ತದೆಂದು ಯಾರೂ ಮಾತು ಕೊಡಲಿಲ್ಲ. ಆದರೂ ಆಸೆ ಕೇಳಬೇಕಲ್ಲ. ಮೊದಲು ನೆನಪಿನ ಪರೀಕ್ಷೆ ಎಂದರು. ಪರೀಕ್ಷೆ ಎಂದ ಕೂಡಲೇ ನಾನು ಟೊಂಕ ಕಟ್ಟಿ ನಿಂತೆ.

ಹಿಂದೆ ಬೇರೆ ಡಾಕ್ಟರು ಇದೇ ಪರೀಕ್ಷೆ ಮಾಡಿದಾಗ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೆ. ಎರಡು ವಾರ ಬೆಳಿಗ್ಗೆ, ಸಂಜೆ ಕೂರಿಸಿ ಉರು ಹೊಡೆಸಿದೆ. ವಾರ, ತಿಂಗಳು, ವರ್ಷ. ನೂರರಿಂದ ಏಳೇಳು ಕಳೆಯುವುದನ್ನು ಅವರ ಅಳತೆ ಟೇಪಿನ ಮೇಲೇ ಬೆರಳಿಡಿಸಿ ಕಲಿಸಿದೆ: ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ತಪ್ಪಿದರೆ ರೇಗಿದೆ. ಪಾಪ, ತಲೆ ತಗ್ಗಿಸಿ ಮತ್ತೆ ಶುರುಮಾಡುತ್ತಿದ್ದರು.

ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದರು.

"ಮೂವತ್ತಕ್ಕೆ ಇಪ್ಪತ್ತೇಳು ಬಂದಿದೆ, ಅಮ್ಮ."

ನನಗೆ ಹಿಗ್ಗೋ ಹಿಗ್ಗು. "ನಾನೇ ತಯಾರಿ ಮಾಡಿಸಿದ್ದು," ಎಂದೆ.

ಅವರ ಮುಖ ಸಪ್ಪಗಾಯಿತು. "ಇಪ್ಪತ್ನಾಲ್ಕಕ್ಕಿಂತ ಕಡಿಮೆ ಬಂದವರನ್ನ ಮಾತ್ರ ತಗೋತೀವಿ. ಇವರನ್ನ ಸೇರಿಸ್ಕೊಳ್ಳೋಕಾಗಲ್ಲ."

"ಅಯ್ಯೋ, ಅದೆಲ್ಲ ಉರು ಹೊಡೆಸಿದ್ದು ಕಣಮ್ಮ! ಬೇರೆ ಪ್ರಶ್ನೆ ಕೇಳಿ ನೋಡಿ. ಕೈ ಮುಗೀತೀನಿ."

"ಆರು ತಿಂಗಳು ಮತ್ತೆ ಪರೀಕ್ಷೆ ಮಾಡೋ ಹಾಗಿಲ್ಲ. ಅಷ್ಟರಲ್ಲಿ ಪಟ್ಟಿ ತುಂಬಿರುತ್ತೆ."

ಅವರಿಗೆ ಗುಣವಾಗುವ ಒಂದೇ ಒಂದು ದಾರಿಗೆ ನಾನೇ ಅಡ್ಡ ಮಲಗಿದ್ದೆ. ಕಾಲೆಳೆದುಕೊಂಡು ಹೊರಗೆ ಬಂದೆ. ಬೆಂಚಿನ ಮೇಲೆ ಕೂತಿದ್ದ ಯಜಮಾನರು ನನ್ನನ್ನು ಕಂಡು ದಡಬಡನೆ ಎದ್ದರು.

"ಪಾಸಾದ್ನಾ, ಟೀಚರ್?"

"ಫಸ್ಟ್ ಕ್ಲಾಸ್," ಎಂದೆ.

ಅವರ ಮುಖ ಅರಳಿತು. ಒಂದು ಹೆಜ್ಜೆ ಹತ್ತಿರ ಬಂದು, ಸಂಕೋಚದಿಂದ ದನಿ ತಗ್ಗಿಸಿದರು.

"ನಮ್ಮನೆಯವಳಿಗೆ ಒಂದು ಮಾತು ತಿಳಿಸಿಬಿಡ್ತೀರಾ? ಕಾಯ್ತಾ ಕೂತಿರ್ತಾಳೆ."