ಚುಕ್ಕಿ ಇಲ್ಲದ ಸ್ಲೈಡುಗಳು

ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ, ರೂಢಿಯಂತೆ ಇಬ್ಬರಿಗೆ ಕಾಫಿ ಮಾಡಿದೆ. ನಾದಿನಿ ಇನ್ನೂ ಮನೆಯಲ್ಲಿದ್ದುದರಿಂದ ಲೆಕ್ಕ ತಪ್ಪಲಿಲ್ಲ.

ಲ್ಯಾಬಿನ ದೊಡ್ಡ ಡಾಕ್ಟರು ಫೋನು ಮಾಡಿದರು. ಸಮಾಧಾನ ಹೇಳಿ, "ಅವರು ಒಂದು ಟ್ರೇ ಸ್ಲೈಡ್ ಮನೆಗೆ ಒಯ್ದಿದ್ರಮ್ಮಾ. ಇನ್ನೊಂದ್ಸಲ ನೋಡ್ತೀನಿ ಅಂದಿದ್ರು. ಕಳಿಸಿಬಿಡಿ" ಎಂದರು.

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಬಂದ ಹೆಂಗಸರ ಸ್ಲೈಡುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಗಂಡನ ಕೆಲಸ. ಅನುಮಾನ ಬಂದ ಕಡೆ ಶಾಯಿಯ ಚುಕ್ಕಿ ಇಡುತ್ತಿದ್ದ. ಚುಕ್ಕಿ ಇದ್ದದ್ದು ಡಾಕ್ಟರ ಮೇಜಿಗೆ. ಇಲ್ಲದ್ದು ನಾರ್ಮಲ್, ನೇರ ಕಪಾಟಿಗೆ.

ಅವನ ತಲೆಯೊಳಗಿನ ಗಡ್ಡೆ ಗೊತ್ತಾದದ್ದು ಕೊನೆಗೆ. ಎಡಗಡೆಯ ನೋಟ ತಿಂಗಳುಗಳ ಹಿಂದೆಯೇ ಹೋಗಿರಬೇಕು, ಕೆಲವರಿಗೆ ಅದು ತಿಳಿಯುವುದೇ ಇಲ್ಲ ಎಂದರು ಆಸ್ಪತ್ರೆಯಲ್ಲಿ. ಅವನು ಬಾಗಿಲಿಗೆ ಎಡಭುಜ ತಾಗಿಸಿಕೊಂಡಾಗಲೆಲ್ಲ ನಾದಿನಿ, "ಬಾಗಿಲು ಅಗಲ ಮಾಡಿಸೋಣ್ವಾ ಅಣ್ಣಾ?" ಎಂದು ರೇಗಿಸುತ್ತಿದ್ದಳು.

ಟ್ರೇ ಅವನ ಬೀರುವಿನಲ್ಲಿ, ಓದುವ ಕಾಲದ ಹಳೆಯ ಮೈಕ್ರೋಸ್ಕೋಪಿನ ಪಕ್ಕದಲ್ಲಿತ್ತು. ಒಂದು ಸ್ಲೈಡಿನಲ್ಲೂ ಚುಕ್ಕಿಯಿಲ್ಲ. ಮೂರನೆಯದರ ಮೇಲೆ ನನ್ನ ಹೆಸರು.

ಆ ಫಲಿತಾಂಶ ಅವನೇ ತಂದಿದ್ದ. "ನಾರ್ಮಲ್, ಮಹಾರಾಣಿಯವರೇ. ನಿಮ್ಮ ಹತ್ರ ಇನ್ನೂ ಬಹಳ ವರ್ಷ ಬೈಸ್ಕೊಳ್ಳೋದಿದೆ ನಾನು."

"ಇವನ್ನೆಲ್ಲ ಮತ್ತೆ ನೋಡಿಸ್ಬೇಕು" ಎಂದೆ, ಹಿಂದೆ ಬಂದು ನಿಂತ ನಾದಿನಿಗೆ. "ಸುಮ್ನೆ ಕೊಟ್ಬಿಡಿ ಅತ್ತಿಗೆ. ಹೋದವನ ಹೆಸರಿಗೆ ಮಸಿ ಯಾಕೆ?"

"ನಿಂದೂ ಅವನೇ ನೋಡಿದ್ದು."

"ಹೌದು. ನಾರ್ಮಲ್ ಅಂದಿದ್ದ."

"ಇದರಲ್ಲಿ ನಿಂದಿಲ್ಲ. ಲ್ಯಾಬಿನ ಕಪಾಟಲ್ಲಿದೆ."

ಅವಳು ಕಾಫಿಯ ಲೋಟ ಕೆಳಗಿಟ್ಟಳು. ಮತ್ತೆ ಎತ್ತಿಕೊಳ್ಳಲಿಲ್ಲ.

ಲ್ಯಾಬಿನ ಕೌಂಟರಿನೆದುರು ಬೆಂಚಿನ ತುಂಬ ಹೆಂಗಸರು. ಡಾಕ್ಟರು ಓಡಿಬಂದರು. "ನೀವ್ಯಾಕಮ್ಮಾ ಬರೋಕೆ ಹೋದ್ರಿ?"

"ಇವನ್ನ ಈಗ ಯಾರು ನೋಡ್ತಾರೆ?"

"ಚುಕ್ಕಿ ಇಲ್ವಲ್ಲಮ್ಮಾ. ಅವು ಆಗಿಹೋದವು."

"ನೋಡಿದವನಿಗೆ ಅರ್ಧ ಕಾಣ್ತಿರಲಿಲ್ಲ."

"ಮೆಲ್ಲಗೆ! ಒಳಗೆ ಬನ್ನಿ, ಕೂತು ಮಾತಾಡೋಣ. ಎಂಥಾ ಕೆಲಸಗಾರ ಅವರು. ಅವರ ಹೆಸರು..."

ಹೆಸರಿನ ಮೇಲೆ ಅವರಿಗೆ ನನಗಿಂತ ಹೆಚ್ಚು ಅಕ್ಕರೆ. ಆ ನಾರ್ಮಲ್ ರಿಪೋರ್ಟುಗಳ ಕೆಳಗೆ ರುಜು ಹಾಕಿದ್ದು ಅವರೇ ಅಲ್ಲವೇ?

ಬೆಂಚಿನಿಂದ ಒಬ್ಬಾಕೆ ಕೇಳಿದಳು, "ಯಾರಿಗೆ ಕಾಣ್ತಿರಲಿಲ್ಲಮ್ಮಾ?"

"ನನ್ನ ಗಂಡನಿಗೆ," ಎಂದೆ. "ಈ ವರ್ಷ ಇಲ್ಲಿ ನಾರ್ಮಲ್ ಅನ್ನಿಸಿಕೊಂಡವರೆಲ್ಲ ಇನ್ನೊಂದ್ಸಲ ನೋಡಿಸ್ಕೊಳ್ಳಿ."

ಡಾಕ್ಟರು ಟ್ರೇಗೆ ಕೈ ಚಾಚಿದರು. ನಾನು ಅದನ್ನು ಕೌಂಟರಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ.

"ಎರಡನೇ ಸಲ ನೋಡೋಕೆ ಅಂತ ಕೇಳಿ ಒಯ್ದಿದ್ದ. ಆಗಲಿಲ್ಲ. ಈಗ ನೀವು ನೋಡಿ. ನಂದರಿಂದ ಶುರು ಮಾಡಿ, ನಾನಿಲ್ಲೇ ಕೂತಿರ್ತೀನಿ."

ಬೆಂಚಿನ ಹೆಂಗಸರು ಸರಿದು ಜಾಗ ಕೊಟ್ಟರು.