ಸೀಟಿನ ಹಿಂದಿನ ತಗಡು

"ಇವತ್ತು ಅಮಾಸೆ. ಕಬ್ಬುಣ ಬಿಚ್ಬಾರ್ದು," ಎಂದು ಚಿಕ್ಕನಂಜಮ್ಮ ಕಾಫಿ ಲೋಟಗಳನ್ನು ಲಾರಿಯ ಬಂಪರಿನ ಮೇಲಿಟ್ಟಳು.

ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿದ್ದ ಪುಟ್ಟರಾಜು ಅಲ್ಲಿಂದಲೇ ನಕ್ಕ. ಅವನು ಅವಳ ಚಿಕ್ಕಪ್ಪನ ಮಗ, ಮದ್ದೂರಿನಲ್ಲಿ ಲಾರಿಗಳ ಟಿಂಕರಿಂಗ್ ಮಾಡುವವನು. "ಮಂಗಳ್ವಾರ ಬ್ಯಾಡ ಅಂದೆ. ಸನಿವಾರ ಎಣ್ಣೆ ಮುಟ್ಬಾರ್ದು ಅಂದೆ. ಈಗ ಅಮಾಸೆ. ಇಂಗೇ ಆದ್ರೆ ಅಕ್ಕ, ಈ ಲಾರಿ ರೆಡಿಯಾಗೋದು ಬಾವನ ತಿಥಿಗೇಯ."

"ನನ್ ತಿಥೀಲಿ ಮೊದಲ್ನೇ ಪಂಕ್ತಿಗೇ ಎಲೆ ಮುಂದೆ ಕೂರೋನು ನೀನೇ ಕಣ್ಲಾ," ಎಂದ ದೇವಯ್ಯ, ಚಕ್ರದ ಪಕ್ಕದಿಂದ ತಲೆಯೆತ್ತದೆ. "ಹದಿನಾಲ್ಕರ ಸ್ಪಾನರ್ ಕೊಡು."

ಆದರೂ ಅವತ್ತು ಕ್ಯಾಬಿನ್ನಿನ ಕೆಲಸ ನಿಂತಿತು. ಹೆಂಡತಿಯ ದೇವರ ಮಾತಿಗೆ ದೇವಯ್ಯ ಎಂದೂ ಅಡ್ಡ ಬಂದವನಲ್ಲ. ಒಂದು ದಿನ ಗೆದ್ದುಕೊಂಡ ಚಿಕ್ಕನಂಜಮ್ಮ ಒಳಗೆ ಹೋಗಿ ಒಲೆಯ ಮುಂದೆ ಸುಮ್ಮನೆ ಕುಳಿತಳು. ಪಂಚಾಂಗದಲ್ಲಿ ಹುಡುಕಲು ಅವಳಿಗೆ ಇನ್ನು ದಿನಗಳು ಉಳಿದಿರಲಿಲ್ಲ.

ದೇವಯ್ಯ ಹದಿನೇಳು ವರ್ಷ ಮಿಲಿಟರಿಯಲ್ಲಿ ಡ್ರೈವರಾಗಿದ್ದವನು. ಪಿಂಚಣಿ ಮೇಲೆ ಯಲಿಯೂರಿಗೆ ಬಂದಾಗ, ತಾನು ಅಲ್ಲಿ ಓಡಿಸುತ್ತಿದ್ದಂಥದೇ ಒಂದು ಹಳೇ ಲಾರಿಯನ್ನು ಹರಾಜಿನಲ್ಲಿ ಹಿಡಿದು ತಂದಿದ್ದ. ಮಿಲಿಟರಿ ಹಸಿರು ಊರ ಗಾಡಿಗೆ ಇರಕೂಡದು ಎಂಬ ಕಾನೂನಿದ್ದುದರಿಂದ ಆಯುಧಪೂಜೆಯ ಹಿಂದಿನ ದಿನ ಮನೆಯ ಮುಂದೆಯೇ ನಿಲ್ಲಿಸಿಕೊಂಡು ತಾನೇ ನೀಲಿ ಬಣ್ಣ ಬಳಿದ. ಹನ್ನೆರಡು ಹದಿಮೂರು ವರ್ಷ ಅದು ಮಂಡ್ಯದ ಕಾರ್ಖಾನೆಗೆ ಕಬ್ಬು ಹೊತ್ತಿತು. ಮಗ ಪ್ರೀತಂ ಹೋದ ಮೇಲೆ ಹೊಂಗೆಯ ಮರದಡಿ ನಿಂತದ್ದು ಅಲ್ಲೇ ನಿಂತಿತ್ತು.

ಈಗ, ಬರುವ ಜನವರಿ ಇಪ್ಪತ್ತಾರಕ್ಕೆ, ಮದ್ದೂರಿನ ಮಾಜಿ ಸೈನಿಕರು ಶಿವಪುರದ ಧ್ವಜ ಸತ್ಯಾಗ್ರಹ ಸೌಧದವರೆಗೆ ಮೆರವಣಿಗೆ ಹೋಗುವವರಿದ್ದರು. ಮುಂದೆ ಹಳೇ ಲಾರಿಯೊಂದು ಇರಲಿ ಎಂದು ಅವರೇ ಮನೆಗೆ ಬಂದು ಕೇಳಿದ್ದರು. ಅಷ್ಟರಮಟ್ಟಿಗೆ ಹಸಿರು ಬಳಿಯಲು ಅನುಮತಿಯನ್ನೂ ಬರೆಸಿ ತಂದುಕೊಟ್ಟರು. ದೇವಯ್ಯನ ಎಡಗಣ್ಣು ಮಬ್ಬಾಗಿತ್ತು, ಬಲಗಣ್ಣೂ ಅದೇ ದಾರಿ ಹಿಡಿದಿತ್ತು. ಕಾಣುವುದರೊಳಗೆ ಒಂದು ಸಲ ಅದನ್ನು ಮೊದಲಿನ ಹಾಗೆ ನೋಡಬೇಕು ಎಂದು ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಅವನ ರೀತಿಯೇ ಬೇರೆ. ನೀಲಿಯ ಮೇಲೆ ಹಸಿರು ಬಳಿಯುವ ಮಾತೇ ಇಲ್ಲ. ಒಂದೊಂದು ತಗಡನ್ನೂ ಬಿಚ್ಚಿ, ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಆಮೇಲೆ ಬಣ್ಣ. ಉಜ್ಜಿದ್ದನ್ನು ಕಣ್ಣಿಂದ ನೋಡುತ್ತಿರಲಿಲ್ಲ, ಬೆರಳಿಂದ ಸವರುತ್ತಿದ್ದ. ಎಲ್ಲಾದರೂ ಉಗುರಿನಷ್ಟು ನೀಲಿ ಉಳಿದಿದ್ದರೆ ಬೆರಳು ಅಲ್ಲಿಯೇ ನಿಲ್ಲುತ್ತಿತ್ತು.

ಮಡ್‌ಗಾರ್ಡು ಮುಗಿಯಿತು, ಬಾಗಿಲುಗಳು ಮುಗಿದವು, ಕಬ್ಬು ತುಂಬುವ ಹಿಂದಿನ ಡಾಲಾ ಮುಗಿಯಿತು. ಉಳಿದದ್ದು ಕ್ಯಾಬಿನ್ನಿನ ಒಳಗು. ಅದರೊಳಗೆ ಸೀಟಿನ ಒರಗಿನ ಹಿಂದೆ ಇರುವ ತಗಡು.

ಆ ತಗಡಿನ ಮೇಲೆ ಒಂದು ಕೈ ಇತ್ತು. ಬಣ್ಣ ಬಳಿದ ದಿನ ಆರು ವರ್ಷದ ಪ್ರೀತಂ ಕ್ಯಾಬಿನ್ನು ಹತ್ತಿ, ಹಸಿ ಬಣ್ಣಕ್ಕೆ ಅಂಗೈ ಒತ್ತಿಬಿಟ್ಟಿದ್ದ. ಐದು ಬೆರಳೂ ಬಿರಿದ, ಅಪ್ಪಟ ಅಚ್ಚು. ದೇವಯ್ಯ ಕಂಡರೆ ಹುಡುಗನ ಚರ್ಮ ಸುಲಿಯುತ್ತಿದ್ದ. ಆ ಜೂನಿನಲ್ಲಿ ಸ್ಕೂಲಿಗೆ ಸೇರಿಸಿದಾಗಿನಿಂದ ಮಗ ಎಡಚನೆಂಬುದೊಂದೇ ಅವನಿಗೆ ದೊಡ್ಡ ಚಿಂತೆಯಾಗಿತ್ತು. ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುವವನನ್ನು ಮಿಲಿಟರಿಗೆ ಯಾರು ಸೇರಿಸಿಕೊಳ್ಳುತ್ತಾರೆ ಎಂದು, ಉಣ್ಣುವಾಗ ಬರೆಯುವಾಗಲೆಲ್ಲ ಆ ಕೈಯನ್ನು ಟವೆಲ್ಲಿನಿಂದ ಬೆನ್ನಿಗೆ ಕಟ್ಟುತ್ತಿದ್ದ. ಅದಕ್ಕೇ ಚಿಕ್ಕನಂಜಮ್ಮ ಸೀಟಿನ ಒರಗನ್ನು ಅವಸರದಲ್ಲಿ ಎತ್ತಿ ಅಚ್ಚಿಗೆ ಮರೆಯಾಗಿ ನಿಲ್ಲಿಸಿದಳು, ಹುಡುಗನ ಕೈಯನ್ನು ಸೀಮೆಣ್ಣೆಯಲ್ಲಿ ಒರೆಸಿದಳು. ಸಂಜೆ ದೇವಯ್ಯ ಹಿಂದೆ ನೋಡದೆ ಬೋಲ್ಟು ಬಿಗಿದ. ತಾಯಿಯೂ ಮಗನೂ ಬಹಳ ದಿನ ಈ ಗುಟ್ಟಿಗೆ ನಗುತ್ತಿದ್ದರು.

ಹತ್ತೊಂಬತ್ತಕ್ಕೆ ಪ್ರೀತಂ ಬೈಕಿನ ಸಮೇತ ನಾಲೆಗೆ ಬಿದ್ದ. ತಿಥಿ ಮುಗಿದ ಮಾರನೆಯ ಬೆಳಿಗ್ಗೆ ದೇವಯ್ಯ ಅವನ ಬಟ್ಟೆ, ಪುಸ್ತಕ, ಫೋಟೋ, ಕೊನೆಗೆ ಹಲ್ಲುಜ್ಜುವ ಬ್ರಷ್ಷನ್ನೂ ಗೋಣಿಗೆ ತುಂಬಿ ಅದೇ ನಾಲೆಗೆ ಬಿಟ್ಟುಬಂದ. ಅವನ ಹೆಸರು ಈ ಮನೆಯಲ್ಲಿ ಕೇಳಿಸಕೂಡದು ಎಂದು ಒಂದೇ ಸಲ ಹೇಳಿದ್ದು. ಚಿಕ್ಕನಂಜಮ್ಮನಿಗೆ ಉಳಿದದ್ದು ಆ ಕೈ. ಗೊತ್ತಾದರೆ ಅದನ್ನೂ ಕಳೆದಾನು ಎಂದು ಬಾಯಿ ಬಿಡಲಿಲ್ಲ.

ಶುಕ್ರವಾರ ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಚೊಂಬಿನಲ್ಲಿ ಅರಿಶಿನದ ನೀರು, ಒಂದು ಹೂವು ಹಿಡಿದು ಕ್ಯಾಬಿನ್ನು ಹತ್ತುತ್ತಿದ್ದಳು. ಮುಂದೆ ಇದ್ದ ಮಾದಪ್ಪನ ಪಟಕ್ಕೆ ಕೈ ಮುಗಿದು, ಸೀಟಿನ ಒರಗಿಗೂ ತಗಡಿಗೂ ನಡುವಿನ ಸಂದಿಯಲ್ಲಿ ಒದ್ದೆ ಕೈ ಇಳಿಸಿ, ಅಚ್ಚಿಗೆ ಅರಿಶಿನ ಸವರಿ, ಹೂವು ಬಿಡುತ್ತಿದ್ದಳು. ಉಳಿದ ನೀರನ್ನೂ ಅಲ್ಲಿಗೇ ಎರೆಯುತ್ತಿದ್ದಳು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಏನೋ ತಗಲುತ್ತಿತ್ತು. ಅವಳ ಅಪ್ಪ ಕಂಸಾಳೆ ಹಿಡಿದು ಮಾದಪ್ಪನ ಪದ ಹೇಳುತ್ತಿದ್ದವನು. ಅವನ ಪಕ್ಕದಲ್ಲಿ ಕೂತು ಕೇಳಿ ಬೆಳೆದ ಅವಳಿಗೆ, ಪೂಜೆ ಕಂಡ ಜಾಗ ಕೆಡುವುದಿಲ್ಲ ಎಂಬುದರಲ್ಲಿ ಅನುಮಾನವಿರಲಿಲ್ಲ. ಲಾರಿಗೆ ಇವಳ ಭಕ್ತಿ ಎಷ್ಟು ಎಂದು ದೇವಯ್ಯ ಊರವರ ಮುಂದೆ ಹೇಳಿಕೊಂಡದ್ದೂ ಉಂಟು.

ಅಮಾವಾಸ್ಯೆ ಕಳೆದ ಮಾರನೆಯ ದಿನ ಅವಳು ಎರಡು ಸಲ ಲಾರಿಯ ಹತ್ತಿರ ಹೋದಳು. ಮೊದಲ ಸಲ ಮಜ್ಜಿಗೆ ಬೇಕೇ ಎಂದು ಕೇಳಿ, ಎರಡು ಲೋಟ ಇಟ್ಟು ಬಂದಳು. ಎರಡನೆಯ ಸಲ ಪುಟ್ಟರಾಜುವನ್ನು ಲಾರಿಯ ಹಿಂದಕ್ಕೆ ಕರೆದು, ಸೀಟಿನ ಹಿಂದಿನ ತಗಡು ಯಾರಿಗೂ ಕಾಣುವುದಿಲ್ಲವಲ್ಲ, ಅದನ್ನೊಂದು ಹಾಗೇ ಬಿಡಿ ಎಂದಳು. ಏಕೆ ಎಂದು ಅವನು ಕೇಳಿದ. ಸುಮ್ಮನೆ ಎಂದಳು. ಬಾವನಿಗೆ ನೀನೇ ಹೇಳು, ನನ್ನ ಮಾತು ಅವರ ಕಿವಿಗೆ ಹೋಗದು ಎಂದು ಅವನು ಬೀಡಿ ಹಚ್ಚಿದ.

ಅಷ್ಟರಲ್ಲಿ ಕ್ಯಾಬಿನ್ನಿನೊಳಗೆ ನಾಲ್ಕನೆಯ ಬೋಲ್ಟೂ ಬಿಚ್ಚಿ, ಸೀಟಿನ ಒರಗು ಮುಂದಕ್ಕೆ ಕಳಚಿಕೊಂಡ ಸದ್ದು ಕೇಳಿತು. ಆಮೇಲೆ ದೇವಯ್ಯನ ದನಿ: "ಬಾರ್ಲಾ ಇಲ್ಲಿ. ಇದೇನ್ಲಾ ಇದು?"

ಇಬ್ಬರೂ ಹತ್ತಿ ನೋಡಿದರು. ಒರಗಿನ ನಾರು ನೆಂದು ಕರಗಿತ್ತು. ಬುಡದಲ್ಲಿ ಕಪ್ಪಗೆ ಒಂದು ಮೊರದಷ್ಟು ಹೂವಿನ ಗೊಬ್ಬರ, ಅದರ ಮೇಲೆ ಹೋದ ಶುಕ್ರವಾರದ ಸೇವಂತಿಗೆ ಇನ್ನೂ ಹಳದಿಯಾಗಿತ್ತು. ಅದರ ಹಿಂದೆ ತಗಡು ಇರಲಿಲ್ಲವೆಂದೇ ಹೇಳಬೇಕು. ತುಕ್ಕು ತಿಂದು ಜರಡಿಯಾಗಿ, ತೂತುಗಳಿಂದ ಆಚೆಯ ಹೊಂಗೆಯ ಬಿಸಿಲು ಒಳಗೆ ಬೀಳುತ್ತಿತ್ತು. ಮಿಕ್ಕ ಕಡೆ ನೀಲಿ ಬಣ್ಣ ನೆಟ್ಟಗಿತ್ತು. ಆ ಒಂದು ಜಾಗದಲ್ಲಿ ಮಾತ್ರ ಕೆಂಪು ಹಕ್ಕಳೆ ಎದ್ದಿತ್ತು. ಚಿಕ್ಕನಂಜಮ್ಮ ಹುಡುಕಿದಳು. ಬೆರಳುಗಳಿರಲಿಲ್ಲ. ಕೆಳಗೆ, ಅಂಗೈಯ ಬುಡ ಒತ್ತಿದ ಕಡೆ, ಮಾವಿನ ಓಟೆಯಷ್ಟು ನೀಲಿ ಉಳಿದಿತ್ತು. ವಾರವಾರವೂ ಅವಳ ಬೆರಳಿಗೆ ತಗಲುತ್ತಿದ್ದುದು ತುಕ್ಕು.

"ಹತ್ತು ಹನ್ನೆರಡು ವರ್ಸದ ತೇವ ಇದು," ಎಂದ ದೇವಯ್ಯ. "ನಮ್ ಯೂನಿಟ್ಟಲ್ಲಾಗಿದ್ರೆ ಇಂಗೆ ನೀರು ಬುಟ್ಟೋನ್ನ ಒಳಗಾಕೋರು. ಯಾರು ಉಯ್ದೋರು?"

"ನಾನು."

"ಪೂಜೆ ಮಾಡೋದು ಮಾದಪ್ಪನ್ ಪಟಕ್ಕೆ. ಇಲ್ಲಿಗ್ಯಾಕೆ ಉಯ್ದೆ?"

"ಪಟಕ್ಕಲ್ಲ," ಎಂದಳು ಚಿಕ್ಕನಂಜಮ್ಮ. ಆಮೇಲೆ ಎಲ್ಲವನ್ನೂ ಹೇಳಿದಳು. ಆಯುಧಪೂಜೆಯ ಹಿಂದಿನ ದಿನ, ಹಸಿ ಬಣ್ಣ, ಸೀಮೆಣ್ಣೆ. ಕೊನೆಯಲ್ಲಿ, "ಪ್ರೀತಂ ಕೈ ಅದು," ಎಂದಳು. ಹದಿಮೂರು ವರ್ಷದ ಮೇಲೆ ಆ ಹೆಸರು ಅವಳ ಬಾಯಿಗೇ ಹೊಸದಾಗಿ ಕೇಳಿಸಿತು.

ಪುಟ್ಟರಾಜು ಖಾಲಿ ಲೋಟಗಳನ್ನು ಎತ್ತಿಕೊಂಡು ನಲ್ಲಿಯ ಕಡೆಗೆ ಹೋದ.

ದೇವಯ್ಯ ಬೈಯಲಿಲ್ಲ. ತುಕ್ಕು ಉಜ್ಜುವ ಎಮರಿ ಕಾಗದವನ್ನು ಕೆಳಗಿಟ್ಟು, ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಉಳಿದ ಆ ನೀಲಿಯ ಮೇಲೆ ಬೆರಳಿಟ್ಟ. ಅಂಚಿನ ಗುಂಟ ಸವರಿದ. ಮೇಲಕ್ಕೆ ಹೋದಲ್ಲೆಲ್ಲ ಹಕ್ಕಳೆ ಪುಡಿಯಾಗಿ ಉದುರಿತು. ತಿರುಗಿ ಕೆಳಕ್ಕೆ ಬಂದ. ಅವಳ ಕಡೆ ತಿರುಗದೆ ಕೇಳಿದ.

"ಯಾವ್ ಕೈ?"

ಅವಳಿಗೆ ಅರ್ಥವಾಗಲಿಲ್ಲ.

"ಎಡ್ಗೈಯೋ, ಬಲ್ಗೈಯೋ?"

ಚಿಕ್ಕನಂಜಮ್ಮ ಬಾಯಿ ತೆರೆದಳು. ಸೀಮೆಣ್ಣೆಯ ವಾಸನೆ ಬಂತು. ಹುಡುಗನ ಬೋಳು ತಲೆ, ಕಚಗುಳಿಯಾಗಿ ಅವನು ನಕ್ಕದ್ದು, ತನ್ನ ಸೆರಗಿಗೆ ಹತ್ತಿದ ನೀಲಿ, ಎಲ್ಲ ಬಂತು. ಅವಳ ಕೈಯೊಳಗಿದ್ದ ಆ ಪುಟ್ಟ ಕೈ ಮಾತ್ರ ಯಾವುದೆಂದು ಕಾಣಲಿಲ್ಲ.

"ಗ್ಯಾಪ್ಕ ಬತ್ತಿಲ್ಲ."

"ವಾರ್ವಾರ ಮುಟ್ತಿದ್ದಲ್ಲ."

"ಮುಟ್ತಿದ್ದೆ," ಎಂದಳು.

ದೇವಯ್ಯ ಸೀಮೆಸುಣ್ಣದ ಕಡ್ಡಿಯಿಂದ ಸುತ್ತ ಚೌಕ ಗೀಚಿದ. ಕತ್ತರಿಸುವ ಕೆಲಸವನ್ನು ಪುಟ್ಟರಾಜುವಿಗೆ ಬಿಡದೆ ತಾನೇ ಮಾಡಿದ. ಬಿಡಿಸಿ ಎತ್ತುವಾಗ ತುಂಡು ಅವನ ಕೈಯಲ್ಲೇ ಮುರಿಯಿತು, ಉಳಿದಿದ್ದ ನೀಲಿ ಎರಡು ಮೂರು ಹಕ್ಕಳೆಯಾಗಿ ಹೂವಿನ ಗೊಬ್ಬರದೊಳಗೆ ಉದುರಿತು. ಎಲ್ಲವನ್ನೂ ಮೊರಕ್ಕೆ ಬಳಿದ. ಮೊರ ಹಿಡಿದು ಅವನು ನಾಲೆಯ ದಾರಿಗೆ ತಿರುಗುತ್ತಾನೆಂದು ಅವಳು ಕಾದಳು. ಅವನು ಹೊಂಗೆಯ ಬುಡದಲ್ಲಿ ಸುರಿದು, ಮೊರವನ್ನು ಗೋಡೆಗೆ ಒರಗಿಸಿ, ಹೊಸ ತಗಡು ಅಳೆಯಲು ಕೂತ. ಅವತ್ತು ಮಧ್ಯಾಹ್ನ ಉಣ್ಣುವಾಗ, ಮುದ್ದೆ ಮುರಿಯದೆ ತನ್ನ ಬಲಗೈಯನ್ನೇ ನೋಡುತ್ತಿದ್ದ.

ಇಪ್ಪತ್ತಾರರ ಬೆಳಿಗ್ಗೆ ಲಾರಿಯ ಸುತ್ತ ಬಂದ ಮಾಜಿ ಸೈನಿಕರು ಎಲ್ಲಿಯೂ ಒಂದು ಕಲೆ ಹುಡುಕಲಾರದೆ ಹೋದರು. ಹಾಳಾದ ಜಾಗಕ್ಕೆ ಬೆಸುಗೆ ಬಿದ್ದ ಗುರುತೂ ಸಿಗದ ಹಾಗೆ ಉಜ್ಜಿ ಬಣ್ಣ ಹೊಡೆದಿದ್ದ ದೇವಯ್ಯ. ಕಣ್ಣಿನ ದೆಸೆಯಿಂದ ಸ್ಟೇರಿಂಗಿಗೆ ಪುಟ್ಟರಾಜು ಕೂತ. ಪದಕಗಳನ್ನು ಚುಚ್ಚಿಕೊಂಡ ದೇವಯ್ಯ ಕಿಟಕಿಗೆ, ಚಿಕ್ಕನಂಜಮ್ಮ ನಡುವೆ. ಬರುವುದಿಲ್ಲ ಎಂದಿದ್ದಳು. ಬಾ ಎಂದು ಒಂದೇ ಮಾತು ಅವನು ಹೇಳಿದ್ದ.

ಸೌಧದ ಹತ್ತಿರ ಬಾವುಟ ಏರುತ್ತಿತ್ತು. ಲಾರಿ ನಿಧಾನವಾಯಿತು. ದೇವಯ್ಯ ಕೂತಲ್ಲೇ ಬೆನ್ನು ಸೆಟೆಸಿ ಸೆಲ್ಯೂಟ್ ಹೊಡೆದ.

ಚಿಕ್ಕನಂಜಮ್ಮ ಮೈ ವಾಲಿಸಿ ಒರಗಿನ ಹಿಂದಿನ ಸಂದಿಗೆ ಕೈ ಇಳಿಸಿದಳು. ತಗಡು ಒಣಗಿತ್ತು, ನುಣ್ಣಗೆ ತಣ್ಣಗಿತ್ತು. ಬಲ ಅಂಗೈಯನ್ನು ಬಿರಿದು ಅದರ ಮೇಲೆ ಒತ್ತಿ ನೋಡಿದಳು. ತೆಗೆದಳು. ಇನ್ನೊಂದು ಮಗ್ಗುಲಿಗೆ ವಾಲಿ ಎಡಗೈಯನ್ನು ಇಳಿಸಿ ಒತ್ತಿದಳು. ಲಾರಿ ಜನರನ್ನು ದಾಟಿ ಮುಂದೆ ಹೋಗುವವರೆಗೆ ಮತ್ತೆ ಬಲಗೈ, ಮತ್ತೆ ಎಡಗೈ.