ಊಟದ ಹೊತ್ತಿನ ಬೀಗ

ಎದುರಿಗೆ ನನ್ನನ್ನು ದೊಡ್ಡಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ಭೂತಗನ್ನಡಿ. ಎರಡನೆಯ ಹೆಸರು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಹದಿನಾಲ್ಕು ಜನ ಹೆಂಗಸರ ಕೈಯಲ್ಲಿ ಕೆಲಸ ತೆಗೆಸುವವಳಿಗೆ ಅಷ್ಟೂ ಗೊತ್ತಾಗದಿದ್ದರೆ ಈ ಕುರ್ಚಿಯಲ್ಲಿ ಯಾಕೆ ಕೂತಿರಬೇಕು? ನಿಜ ಹೇಳಬೇಕೆಂದರೆ ಆ ಹೆಸರು ನನಗೆ ಒಳಗೊಳಗೇ ಇಷ್ಟವಾಗಿತ್ತು.

ನಮ್ಮದು ಬೆಲ್ಟ್ ಹೊಲಿಯುವ ಕಾರ್ಖಾನೆ. ಪ್ಯಾಂಟಿಗೆ ಹಾಕುವ ಬೆಲ್ಟಲ್ಲ. ಎತ್ತರದ ಕಟ್ಟಡಗಳ ಹೊರಗೆ ಹಗ್ಗದಲ್ಲಿ ನೇತಾಡುತ್ತ ಬಣ್ಣ ಬಳಿಯುವವರು, ಗಾಜು ಒರೆಸುವವರು ಹೆಗಲಿಗೂ ತೊಡೆಗೂ ಬಿಗಿದುಕೊಳ್ಳುತ್ತಾರಲ್ಲ, ಅದು. ದಪ್ಪ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಇಟ್ಟು, ಸುತ್ತ ಒಂದು ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಗೆರೆ ಹೊಲಿಯಬೇಕು. ಒಬ್ಬ ಮನುಷ್ಯನ ಭಾರವೆಲ್ಲ ನಿಲ್ಲುವುದು ಹೆಬ್ಬೆರಳಗಲದ ಆ ಚೌಕದ ಮೇಲೆ. ಹೊಲಿಗೆ ಎಲ್ಲಾದರೂ ಹಾರಿದ್ದರೆ ಕೆಳಗಿನಿಂದ ನೋಡುವವರಿಗೆ ಕಾಣುವುದಿಲ್ಲ, ಮೇಲೆ ನೇತಾಡುವವನಿಗೂ ಕಾಣುವುದಿಲ್ಲ.

ಹಾಗಾಗಿ ನಾನು ನೋಡುತ್ತಿದ್ದೆ. ಒಂದೊಂದು ಬೆಲ್ಟನ್ನೂ ನಾನೇ ಮೇಜಿನ ಮೇಲೆ ಹರಡಿ, ಚೌಕ ಚೌಕವನ್ನೂ ನೋಡಿ, ಕೊಂಡಿಯ ಬುಡಕ್ಕೆ ಕೆಂಪು ದಾರದ ಒಂದು ಗಂಟು ಹಾಕುತ್ತಿದ್ದೆ. ಆ ಗಂಟು ಬಿದ್ದರೆ ಬೆಲ್ಟ್ ಉಗ್ರಾಣಕ್ಕೆ, ಅಲ್ಲಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಲಾರಿಗೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಗಂಟಿಲ್ಲದೆ ಒಂದು ಬೆಲ್ಟೂ ಬಾಗಿಲು ದಾಟಿಲ್ಲ ಎಂದು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದ್ದೇನೆ.

ಯಾರನ್ನೂ ನಂಬಬಾರದು ಅನ್ನುವುದನ್ನು ನಾನು ಹದಿನಾಲ್ಕನೇ ವಯಸ್ಸಿಗೇ ಕಲಿತೆ. ಅಮ್ಮ ಹೋದ ವರ್ಷ. ತಂಗಿಗೆ ಹಾಲು ನೋಡಿಕೋ ಅಂದರೆ ಅವಳು ಪುಸ್ತಕ ನೋಡುತ್ತಾ ಕೂತಿದ್ದಳು. ಹಾಲೆಲ್ಲ ಒಲೆ ಪಾಲು. ಅವತ್ತು ಅವಳಿಗೆ ಬೈದ ಬೈಗುಳ ಈಗಲೂ ನನಗೆ ನೆನಪಿದೆ, ಅವಳಿಗೂ ಇರಬೇಕು. ಅಲ್ಲಿಂದ ಮುಂದೆ ಮನೆಯಲ್ಲಿ ಹಾಲು ಕಾಯಿಸಿದ್ದು ನಾನೇ, ಅಪ್ಪನಿಗೆ ಮಾತ್ರೆ ಕೊಟ್ಟಿದ್ದು ನಾನೇ, ತಂಗಿಗೆ ಗಂಡು ನೋಡಿದ್ದೂ ನಾನೇ. ಎಲ್ಲರನ್ನೂ ದಡ ಸೇರಿಸುವಷ್ಟರಲ್ಲಿ ನನ್ನ ಮದುವೆಯ ಮಾತು ಎತ್ತುವವರೇ ಉಳಿದಿರಲಿಲ್ಲ.

ಕಾರ್ಖಾನೆಯಲ್ಲೂ ಅದೇ ಲೆಕ್ಕ. ಹೊಲಿಗೆ ಬಿಚ್ಚುವ ಕೊಕ್ಕೆ ಹದಿನಾಲ್ಕು ಮೆಷಿನ್ನಿಗೂ ಸೇರಿ ಒಂದೇ ಒಂದು. ಅದು ನನ್ನ ಕೊರಳ ದಾರದಲ್ಲಿ ನೇತಾಡುತ್ತಿತ್ತು. ತಪ್ಪಿದವರು ನನ್ನ ಗಾಜಿನ ಕೋಣೆಗೆ ಬಂದು, ಎಲ್ಲಿ ತಪ್ಪಿತು, ಹೇಗೆ ತಪ್ಪಿತು ಎಂದು ಒಪ್ಪಿಸಿ, ನನ್ನೆದುರಿಗೇ ಬಿಚ್ಚಬೇಕು. ಆಮೇಲೆ ಒಂದು ವಾರ ಗೋಡೆಗೆ ಮುಖ ಮಾಡಿದ ಮೇಜಿನಲ್ಲಿ ಪಟ್ಟಿ ಕತ್ತರಿಸುತ್ತಾ ಕೂರಬೇಕು. ತಪ್ಪು ಮಾಡಲು ಹೆದರಿದರೆ ತಪ್ಪು ಕಡಿಮೆಯಾಗುತ್ತದೆ ಎಂದು ನನ್ನ ನಂಬಿಕೆ. ಕಡಿಮೆಯೂ ಆಗಿತ್ತು. ಕಳೆದೊಂದು ವರ್ಷದಲ್ಲಿ ಕೊಕ್ಕೆ ಕೇಳಿಕೊಂಡು ಒಬ್ಬಳೂ ಬಂದಿರಲಿಲ್ಲ. ನಾನು ನೋಡಿದ ಚೌಕಗಳೂ ಅಚ್ಚುಕಟ್ಟಾಗಿ ಕಾಣುತ್ತಿದ್ದವು. ನಾನು ಬೀಗುತ್ತಿದ್ದೆ.

ಅನುಭವದಲ್ಲಿ ನನ್ನ ನಂತರದವಳನ್ನು ಎಲ್ಲರೂ ಸೂಜಿ ಅನ್ನುತ್ತಾರೆ. ಕಡ್ಡಿಯಂಥ ದೇಹ, ಚುರುಕು ಕೈ. ಒಂದೂವರೆ ವರ್ಷದ ಹಿಂದೆ ಅವಳು ಒಂದು ಬೆಲ್ಟ್ ಹಿಡಿದುಕೊಂಡು ಬಂದಿದ್ದಳು. "ಅಕ್ಕಾ, ಇದಕ್ಕೆ ನಿಮ್ಮ ಗಂಟು ಬಿದ್ದಿದೆ. ಆದ್ರೆ ಇಲ್ಲಿ ಹೊಲಿಗೆ ಹಾರಿದೆ ನೋಡಿ."

ಎಲ್ಲರೂ ಮೆಷಿನ್ ನಿಲ್ಲಿಸಿ ನೋಡುತ್ತಿದ್ದರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು. "ನಿನ್ನ ಕೆಲಸ ನೀನು ನೋಡ್ಕೋ. ನನಗೆ ಕಣ್ಣಿದೆ" ಅಂದೆ. ಅವಳು ಬೆಲ್ಟ್ ಮಡಿಚಿಕೊಂಡು ಹೋದಳು. ಮತ್ತೆ ಯಾವತ್ತೂ ಬರಲಿಲ್ಲ. ಬುದ್ಧಿ ಕಲಿತಳು ಅಂದುಕೊಂಡೆ.

ಊಟದ ಹೊತ್ತು ನನಗೆ ಆಗಿಬರುತ್ತಿರಲಿಲ್ಲ. ಒಂದು ಗಂಟೆಗೆ ಮೆಷಿನ್ನುಗಳು ನಿಂತರೆ ಕಿವಿಗೆ ಗವ್ವೆನ್ನುವ ಮೌನ. ಹದಿನಾಲ್ಕು ಜನವೂ ಡಬ್ಬಿ ಹಿಡಿದು ಉಗ್ರಾಣಕ್ಕೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ನಾನು ಗಾಜಿನ ಕೋಣೆಯಲ್ಲಿ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದೆ. ಬೆಳಿಗ್ಗೆ ನಾನೇ ಮಾಡಿ ನಾನೇ ತುಂಬಿದ ಡಬ್ಬಿ. ಮುಚ್ಚಳ ತೆಗೆದರೆ ಅದರಲ್ಲಿ ಏನು ಆಶ್ಚರ್ಯ ಇರುತ್ತದೆ? ಉಗ್ರಾಣದಿಂದ ನಗು ಕೇಳಿಸುತ್ತಿತ್ತು. ಆಮೇಲೆ ನಗು ನಿಂತು ಪಿಸುಮಾತು. ಒಮ್ಮೊಮ್ಮೆ ಅಲ್ಲಿನ ಹಳೆಯ ಕಾಲು ಮೆಷಿನ್ನಿನ ಸದ್ದು. ಬಾ ಅಂತ ಒಬ್ಬಳಾದರೂ ಕರೆದಿದ್ದರೆ ಹೋಗುತ್ತಿದ್ದೆನೋ ಏನೋ. ಯಾರೂ ಕರೆಯಲಿಲ್ಲ. ಅದು ನೋಯುತ್ತಿತ್ತು, ನೋವನ್ನು ನಾನು ಅನುಮಾನ ಮಾಡಿಕೊಂಡೆ. ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ, ಕಾರ್ಖಾನೆಯ ದಾರದಲ್ಲಿ ತಮ್ಮ ರವಿಕೆ ಹೊಲಿದುಕೊಳ್ಳುತ್ತಿದ್ದಾರೆ.

ಒಂದು ದಿನ ಸದ್ದಿಲ್ಲದೆ ಹೋಗಿ ಬಾಗಿಲು ತಳ್ಳಿದೆ. ಎಲ್ಲರೂ ಬಾಯಲ್ಲಿ ತುತ್ತಿಟ್ಟುಕೊಂಡು ಕಲ್ಲಾದರು. ಸೂಜಿ ಏನನ್ನೋ ಮೇಜಿನ ಕೆಳಗೆ ಸರಿಸಿದಳು. ಏನೆಂದು ನಾನು ಕೇಳಲಿಲ್ಲ. ಕೇಳಬೇಕಾದ ಅಗತ್ಯವೇನಿತ್ತು, ನನಗೆ ಗೊತ್ತಿತ್ತಲ್ಲ!

ಮರುದಿನ ಊಟದ ಹೊತ್ತಿಗೆ ಉಗ್ರಾಣಕ್ಕೆ ಬೀಗ ಜಡಿದೆ. "ಇನ್ಮೇಲೆ ಊಟ ಅವರವರ ಮೆಷಿನ್ ಹತ್ರ."

ಸೂಜಿ ಕೋಣೆಗೆ ಬಂದಳು. "ಅಕ್ಕಾ, ಊಟದ ಹೊತ್ತು ಮಾತ್ರ ಬಾಗಿಲು ತೆಗೆದಿರಲಿ."

"ಯಾಕೆ?"

ಅವಳು ನನ್ನ ಕೊರಳಿನ ಕೊಕ್ಕೆಯನ್ನೇ ನೋಡುತ್ತಿದ್ದಳು. "ಸುಮ್ನೆ... ಒಟ್ಟಿಗೆ ಕೂತು ಊಟ ಮಾಡೋಕೆ."

"ಒಟ್ಟಿಗೆ ಕೂತರೆ ಅನ್ನ ಬೇಗ ಅರಗುತ್ತಾ?" ಅಂದೆ. ನನ್ನ ಮಾತಿಗೆ ನಾನೇ ನಕ್ಕೆ. ಅವಳು ನಗಲಿಲ್ಲ.

ಆವತ್ತಿನಿಂದ ಅವರು ಒಬ್ಬರಿಗೊಬ್ಬರು ಬೆನ್ನು ಮಾಡಿಕೊಂಡು ಉಂಡರು. ನಾನು ಗಾಜಿನೊಳಗಿಂದ ನೋಡಿದೆ. ಈಗ ಎಲ್ಲರೂ ನನ್ನ ಹಾಗೆಯೇ ಉಣ್ಣುತ್ತಿದ್ದರು. ನನಗೆ ಸಮಾಧಾನ ಸಿಗಬೇಕಿತ್ತು, ಸಿಗಲಿಲ್ಲ.

ಮೂರು ವಾರ ಕಳೆದಿರಬೇಕು. ಒಬ್ಬ ಬಣ್ಣದವನು ಬಂದ. ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು, ಬಲಗೈಯಲ್ಲಿ ನಮ್ಮ ಬೆಲ್ಟ್. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಿತ್ತು.

"ಎಂಟನೇ ಮಹಡಿ ಹತ್ರ ಇದ್ದೆ. ಎಡಗಡೆ ಪಟ್ಟಿ ಬಿಟ್ಕೊಂಡುಬಿಡ್ತು. ಬಲಗಡೆದು ಹಿಡ್ಕೊಂಡಿತ್ತು, ಅದಕ್ಕೇ ನಡ್ಕೊಂಡು ಬಂದಿದೀನಿ" ಅಂದ. ಬೆಲ್ಟನ್ನು ಮೇಜಿನ ಮೇಲಿಟ್ಟ. "ಈ ಕೆಂಪು ದಾರ ಕಟ್ಟೋದು ಯಾರು? ಬೆಲ್ಟ್ ಹಾಕ್ಕೊಳ್ಳೋ ಮುಂಚೆ ನಾವೆಲ್ಲ ಈ ದಾರ ಮುಟ್ಟಿ ನೋಡ್ತೀವಿ. ಇದಿದ್ರೆ ಭಯ ಇಲ್ಲ ಅಂತ."

"ವಿಚಾರಿಸ್ತೀನಿ" ಅಂದೆ. ನಾನು ಅಂತ ಬಾಯಿಗೆ ಬರಲೇ ಇಲ್ಲ. ಅವನು ಹೋದ ಮೇಲೆ ಮೈಯೆಲ್ಲ ನಾಚಿಕೆ. ನಾಚಿಕೆಯನ್ನೂ ನಾನು ಕೋಪ ಮಾಡಿಕೊಂಡೆ, ನನಗೆ ಬರುವುದು ಅದೊಂದೇ.

ಮೆಷಿನ್ ನಿಲ್ಲಿಸಿ ಎಲ್ಲರನ್ನೂ ಸೇರಿಸಿದೆ. ಬೆಲ್ಟಿನ ಒಳಗೆ ಮೆಷಿನ್ನಿನ ಸಂಖ್ಯೆ ಇರುತ್ತದೆ. ಒಂಬತ್ತು. ಒಂಬತ್ತನೇ ಮೆಷಿನ್ನಿನವಳು ಬಾಯಿ ಸತ್ತವಳು. ಎದ್ದು ನಿಂತಳು.

"ಒಬ್ಬನ ಜೀವ ಹೋಗ್ತಿತ್ತು, ಗೊತ್ತಾ? ಹೊಲಿಯುವಾಗ ಕಣ್ಣು ಎಲ್ಲಿಟ್ಟಿದ್ದೆ?"

"ಅನುಮಾನ ಬಂದಿತ್ತು ಅಕ್ಕಾ" ಅಂದಳು. "ದಾರ ತೊಡರಿದ ಹಾಗಿತ್ತು. ಕೊಕ್ಕೆ ಕೇಳೋಕೆ ಬಂದ್ರೆ ಗೋಡೆ ಮೇಜು. ಊಟದ ಹೊತ್ತಲ್ಲಿ ಸರಿ ಮಾಡೋಣ ಅಂದ್ಕೊಂಡೆ. ಬೀಗ ಹಾಕಿದ್ರಿ."

ನನಗೆ ಅರ್ಥವಾಗಲಿಲ್ಲ. ಸೂಜಿ ಮುಂದೆ ಬಂದಳು. "ಬೀಗದ ಕೈ ಕೊಡಿ" ಅಂದಳು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನ ಹತ್ತಿರ ಆ ದನಿಯಲ್ಲಿ ಮಾತಾಡಿರಲಿಲ್ಲ. ಕೊಟ್ಟೆ.

ಉಗ್ರಾಣದಿಂದ ಅವಳು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ತಂದು ನನ್ನ ಮುಂದೆ ತೆರೆದಳು. ಒಳಗೆ ಕೆಂಪು ದಾರದ ಗಂಟುಗಳು. ಕತ್ತರಿಸಿ ತೆಗೆದವು. ಡಬ್ಬಿಯ ಬಾಯಿಯವರೆಗೂ ಇದ್ದವು. ಮೇಲೆ ಹೊಲಿಗೆ ಬಿಚ್ಚುವ ಒಂದು ಕೊಕ್ಕೆ, ನನ್ನದಲ್ಲ, ಇವರೇ ಕೊಂಡದ್ದು.

"ಎಲ್ಲ ನಿಮ್ಮವೇ" ಅಂದಳು. "ನೀವು ಸರಿ ಅಂತ ಗಂಟು ಹಾಕಿದ, ಆದ್ರೆ ಸರಿ ಇಲ್ಲದಿದ್ದ ಬೆಲ್ಟುಗಳವು. ದಿನಾ ಊಟದ ಹೊತ್ತಲ್ಲಿ ಪೆಟ್ಟಿಗೆ ಬಿಚ್ಚಿ ನೋಡ್ತಿದ್ವಿ. ಕೆಟ್ಟಿದ್ದನ್ನ ಬಿಚ್ಚಿ, ಹಳೇ ಮೆಷಿನ್ನಲ್ಲಿ ಹೊಲಿದು, ಮತ್ತೆ ಗಂಟು ಹಾಕ್ತಿದ್ವಿ. ಮೊದಲು ವಾರಕ್ಕೆ ಒಂದೋ ಎರಡೋ. ಈಚೆಗೆ ದಿನಾ ಸಿಗ್ತಿತ್ತು. ನಿಮಗೆ ಕಣ್ಣು ಕಾಣ್ತಿಲ್ಲ ಅಕ್ಕಾ."

"ಮತ್ತೆ ಹೇಳಬಾರದಿತ್ತಾ?"

ಸೂಜಿ ಡಬ್ಬಿಯ ಮುಚ್ಚಳ ಹಾಕಿದಳು. ಅವಳು ಒಂದೂವರೆ ವರ್ಷದ ಹಿಂದೆಯೇ ಹೇಳಿದ್ದಳಲ್ಲ.

ಆ ಮಧ್ಯಾಹ್ನವೇ ಮೂರು ವಾರದ ಮಾಲನ್ನೆಲ್ಲ ವಾಪಸ್ ಕರೆಸಲು ಫೋನು ಹಚ್ಚಿದೆ. ಎರಡು ದಿನ ಎಲ್ಲರೂ ಸೇರಿ ಒಂದೊಂದೇ ನೋಡಿದರು. ಕೆಟ್ಟ ಬೆಲ್ಟುಗಳು ಇನ್ನೂ ಇದ್ದವು. ಒಂದೊಂದು ಸಿಕ್ಕಾಗಲೂ ನನ್ನ ಕಣ್ಣ ಮುಂದೆ ಒಬ್ಬ ಮನುಷ್ಯ ನೇತಾಡುತ್ತಿದ್ದ. ಬಣ್ಣದವನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ನಾನೇ ಹೊಸ ಬೆಲ್ಟ್ ತೆಗೆದುಕೊಂಡು ಹೋದೆ. ಕೈ ಜೋಳಿಗೆಯಲ್ಲೇ ಇದ್ದರೂ ಅವನು ಕೆಳಗೆ ಕೂತು ಬಣ್ಣ ಕಲಸುತ್ತಿದ್ದ. "ಆ ದಾರ ಕಟ್ಟಿದ್ದು ನಾನು" ಅಂದೆ. "ಅವತ್ತೇ ಗೊತ್ತಾಯ್ತು ಬಿಡಿ ಅಮ್ಮ" ಅಂದು ಮತ್ತೆ ಬಣ್ಣ ಕಲಸಿದ. ಬೆಲ್ಟನ್ನು ಅವನ ಪಕ್ಕದಲ್ಲಿಟ್ಟು ಬಂದೆ.

ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಮಬ್ಬಾಗಿ ಕಾಣುವುದು ಇಷ್ಟು ದಿನ ಗೊತ್ತೇ ಆಗಲಿಲ್ಲವಾ ಎಂದು ಕೇಳಿದರು. ದೀಪ ಮಂದ ಅಂತ ಬಲ್ಬು ಬದಲಿಸಿದ್ದೆ, ದಾರ ಕಳಪೆ ಅಂತ ಅಂಗಡಿಯವನಿಗೆ ಉಗಿದಿದ್ದೆ. ನನ್ನ ಕಣ್ಣಿನ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ಮುಂದಿನ ತಿಂಗಳು ಆಪರೇಷನ್ನು.

ಆ ಸಂಜೆ ತಂಗಿಗೆ ಫೋನು ಮಾಡಿದೆ. ವಾರಕ್ಕೊಮ್ಮೆ ನಾನೇ ಮಾಡುತ್ತೇನೆ, ಅವಳು ಪ್ರತಿ ಸಲವೂ ಎಲ್ಲ ಚೆನ್ನಾಗಿದೆ ಅಕ್ಕ ಅನ್ನುತ್ತಾಳೆ. ಆವತ್ತೂ ಅಂದಳು.

"ನಿಜ ಹೇಳು" ಅಂದೆ.

ಐವತ್ತೈದು ವರ್ಷದ, ಇಬ್ಬರು ಮೊಮ್ಮಕ್ಕಳ ಅಜ್ಜಿಯಾದ ನನ್ನ ತಂಗಿ ಕೇಳಿದಳು: "ಬೈಯಲ್ಲ ತಾನೆ?"

ಅವಳ ಗಂಡ ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಅವಳಿಗೇ ಒಂದು ಆಪರೇಷನ್ ಆಗಿ ಮುಗಿದಿತ್ತು. ನಾನು ಬೈಯಲಿಲ್ಲ. ಫೋನಿಟ್ಟು, ದೀಪ ಹಚ್ಚದೆ, ಕುರ್ಚಿಯಲ್ಲಿ ಕೂತು ಅತ್ತೆ. ಇಡೀ ಜೀವನ ಎಲ್ಲರನ್ನೂ ನೋಡಿಕೊಂಡೆ ಅಂದುಕೊಂಡಿದ್ದವಳಿಗೆ ಯಾರೂ ಏನನ್ನೂ ತೋರಿಸಿರಲಿಲ್ಲ.

ಗೋಡೆ ಮೇಜನ್ನು ತಿರುಗಿಸಿ ಹಾಕಿಸಿದೆ. ಮೆಷಿನ್ನಿಗೊಂದರಂತೆ ಹದಿನಾಲ್ಕು ಕೊಕ್ಕೆ ತರಿಸಿ ಕಟ್ಟಿಸಿದೆ. ಈಗ ಹೊಲಿದವಳು ಮೊದಲು ನೋಡುತ್ತಾಳೆ, ಪಕ್ಕದವಳು ನೋಡುತ್ತಾಳೆ, ಆಮೇಲೆ ನಾನು, ಕೊನೆಗೆ ಉಗ್ರಾಣದಲ್ಲಿ ಸೂಜಿ. ಇದನ್ನೆಲ್ಲ ಮಾಡಿಸುವುದು ಸುಲಭ, ಹೇಳಿದರಾಯಿತು. ಹೇಳಿ ಮಾಡಿಸಲಾಗದ್ದು ಒಂದಿತ್ತು. ಅದಕ್ಕಾಗಿ ನಾನು ಡಬ್ಬಿ ಹಿಡಿದುಕೊಂಡು ಉಗ್ರಾಣಕ್ಕೆ ಹೋದೆ.

ಮಾತು ನಿಂತಿತು. ಬೆಂಚಿನ ಕೊನೆಯಲ್ಲಿ ಯಾರೋ ಸರಿದು ಜಾಗ ಬಿಟ್ಟರು, ಇಬ್ಬರು ಕೂರುವಷ್ಟು ಜಾಗ. ನಾನು ಉಂಡೆ, ಅವರೂ ಉಂಡರು. ಡಬ್ಬಿ ಮುಚ್ಚುವ ಸದ್ದು ಬಿಟ್ಟರೆ ಬೇರೇನಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ. ಗಾಜಿನ ಕೋಣೆಯಲ್ಲಿ ಒಬ್ಬಳೇ ಉಂಡದ್ದಕ್ಕಿಂತ ಇಲ್ಲಿ ಹದಿನಾಲ್ಕು ಜನರ ಮಧ್ಯೆ ಉಣ್ಣುವುದು ಕಷ್ಟವಾಗಿತ್ತು. ನಾನು ಎದ್ದು ಹೋದ ಮೇಲೆ ಅವರು ನಗುವುದು ಕೇಳಿಸುತ್ತಿತ್ತು. ಆದರೂ ಹೋಗುತ್ತಿದ್ದೆ.

ನಿನ್ನೆ, ನಾನು ಡಬ್ಬಿ ಮುಚ್ಚುತ್ತಿರುವಾಗ, ಒಂಬತ್ತನೇ ಮೆಷಿನ್ನಿನವಳು ಎದ್ದು ಬಂದಳು. ಬೆಂಚಿನ ಮೇಲೆ ನನ್ನ ಪಕ್ಕದ ಖಾಲಿ ಜಾಗದಲ್ಲಿ ಕೂತಳು. ತೊಡೆಯ ಮೇಲೆ ಒಂದು ಬೆಲ್ಟ್. ನನ್ನ ಕೆಂಪು ಗಂಟು ಬಿದ್ದಿತ್ತು.

"ಅಕ್ಕಾ, ಇದರಲ್ಲಿ ಒಂದು ಕಡೆ ಹಾರಿದೆ. ನೀವು ಬಿಟ್ಟುಬಿಟ್ಟಿದ್ದೀರ."

ಎಲ್ಲರ ಕೈಯೂ ಡಬ್ಬಿಯಲ್ಲೇ ನಿಂತಿತು. ನನಗೆ ಕಣ್ಣಿದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನಲವತ್ತು ವರ್ಷ ದಾಟಿದ ಅಭ್ಯಾಸ, ಒಂದು ತಿಂಗಳಲ್ಲಿ ಎಲ್ಲಿ ಹೋಗುತ್ತದೆ? ಅದನ್ನು ನುಂಗಿದೆ. ಬೆಲ್ಟನ್ನು ಕಣ್ಣಿನ ಹತ್ತಿರ ಹಿಡಿದೆ. ಏನೂ ಕಾಣಲಿಲ್ಲ.

"ಎಲ್ಲಿ? ತೋರಿಸು" ಅಂದೆ.

ಅವಳು ನನ್ನ ತೋರುಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟಳು. ಹೌದು, ಹಾರಿತ್ತು, ಬೆರಳಿಗೆ ಸಿಕ್ಕಿತು. ಆಮೇಲೂ ಅವಳು ನನ್ನ ಬೆರಳು ಬಿಡಲಿಲ್ಲ.